ಕರಾವಳಿಯ ಕಲಾ ಸಂಗ್ರಹಾಲಯಕ್ಕೆ ಪ್ರವೇಶ ಕಟ್ಟಡವನ್ನು ವಿನ್ಯಾಸಗೊಳಿಸುವ ಬಗೆ

ಮಂಗಳೂರು, ಉಡುಪಿಯ ಕಡೆ ಕಲಾ ಸಂಗ್ರಹಾಲಯಕ್ಕೆ ಹೊಸ ಪ್ರವೇಶ ಕಟ್ಟಡದ ನಕ್ಷೆ ಬರೆಯುವವರು ಜುಲೈ ತಿಂಗಳ ಮಳೆಯನ್ನು ಕಣ್ಣ ಮುಂದಿಟ್ಟುಕೊಂಡೇ ಮೊದಲ ಗೆರೆ ಎಳೆಯಬೇಕು. ಇಲ್ಲಿ ವರ್ಷಕ್ಕೆ ಬೀಳುವ 3,500 ಮಿಲಿಮೀಟರಿಗೂ ಮಿಕ್ಕಿದ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ತೊಯ್ದ ಕೊಡೆ, ಚಪ್ಪಲಿಗಳೊಂದಿಗೆ ಒಳಬಂದ ತೇವವು ಚಿತ್ರಗಳ ಕೋಣೆ ತಲುಪಿದರೆ ಕಾಗದಕ್ಕೂ ಕ್ಯಾನ್ವಾಸಿಗೂ ಬೂಷ್ಟು ಹಿಡಿಯುತ್ತದೆ. ಆ ತೇವವನ್ನು ಹೊರಗೇ ತಡೆಯುವುದು ಪ್ರವೇಶ ಕಟ್ಟಡದ ಮೊದಲ ಕೆಲಸ, ಅಂದಚೆಂದ ಅನಂತರದ್ದು.

ಮಳೆಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಮುಖ್ಯ ಬಾಗಿಲನ್ನು ಪೂರ್ವಕ್ಕೋ ಉತ್ತರಕ್ಕೋ ಇಡಿ. ಬಾಗಿಲಿನ ಮುಂದೆ, ನಮ್ಮ ಹಳೆಯ ಮನೆಗಳಲ್ಲಿರುವಂತೆ, ಆಳವಾದ ಜಗಲಿ ಇರಲಿ. ಎರಚಲು ನೀರು ಮುಟ್ಟದಷ್ಟು ಸೂರನ್ನು ಮುಂದಕ್ಕೆ ಚಾಚಿ, ಕೊಡೆ ಕೊಡವಿ ಇಡಲು, ಕಾಲೊರೆಸಲು, ಕುಳಿತು ಮಳೆ ನೋಡಲು ಅಲ್ಲಿಯೇ ಎಡೆ ಮಾಡಿಕೊಡಿ. ಟಿಕೆಟ್ ಕೌಂಟರ್ ಜಗಲಿಯ ಅಂಚಿನಲ್ಲಿದ್ದರೆ ಸರದಿ ಒಳಗೆ ಬೆಳೆಯುವುದಿಲ್ಲ. ಜಗಲಿ ದಾಟಿದ ಮೇಲೆ ಒಂದರ ಹಿಂದೊಂದು ಎರಡು ಬಾಗಿಲುಗಳು ಬೇಕು; ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಷ್ಟು ಅಂತರವಿದ್ದರೆ ಹೊರಗಿನ ಗಾಳಿ ನೇರವಾಗಿ ನುಗ್ಗದು.

1989ರಲ್ಲಿ ತೆರೆದ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದ ಪ್ರವೇಶದ್ವಾರವಾದ ಗಾಜಿನ ಪಿರಮಿಡ್ಡನ್ನು ಮಾದರಿಯಾಗಿ ತೋರಿಸುವವರು ಸಿಗುತ್ತಾರೆ. ಚದುರಿದ ಜನರನ್ನು ಪಿರಮಿಡ್ಡಿನಡಿಯ ನೆಲಮಾಳಿಗೆಯಲ್ಲಿ ಒಂದೆಡೆ ಸೇರಿಸಿ ಎಲ್ಲ ವಿಭಾಗಗಳಿಗೂ ಹಂಚುವ ಅದರ ಕ್ರಮವನ್ನು ಕಲಿಯಬಹುದು. ಗಾಜನ್ನೂ ನೆಲಮಾಳಿಗೆಯನ್ನೂ ತರುವುದು ಬೇಡ. ಇಲ್ಲಿ ಒಂದು ಸೆಕೆ ಕೂಡಿಹಾಕುತ್ತದೆ, ಇನ್ನೊಂದು ನೀರು.

ಬೆಳಕನ್ನು ಹಂತಹಂತವಾಗಿ ಇಳಿಸಬೇಕು. ಹೊರಗಿನ ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿರಬಹುದಾದರೆ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ಜಲವರ್ಣ ಚಿತ್ರಗಳಿಗೆ ಸಾಮಾನ್ಯವಾಗಿ ಒಪ್ಪಿತವಾದ ಮಿತಿ 50 ಲಕ್ಸ್. ನಡುವೆ ಮಬ್ಬಾದ ಚಾವಡಿಯೊಂದು ಇಲ್ಲದಿದ್ದರೆ ಕಣ್ಣಿಗೆ ಚಿತ್ರಗಳೆಲ್ಲ ಕಪ್ಪಾಗಿ ಕಾಣುತ್ತವೆ. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಬಾರದು, ಅಂದರೆ 60 ಸೆಂಟಿಮೀಟರ್ ಎತ್ತರದ ಪಂಚಾಂಗಕ್ಕೆ (ಕಟ್ಟಡ ನಿಲ್ಲುವ ನೆಲಗಟ್ಟಿಗೆ) 7.2 ಮೀಟರ್ ಉದ್ದ ಬೇಕು, ಅದೂ ಸೂರಿನಡಿಯಲ್ಲಿ. ಹಾವಸೆ ಕಟ್ಟಿದ ಇಳಿಜಾರಿನಲ್ಲಿ ನಡೆಯುವವರೇ ಜಾರುತ್ತಾರೆ.

ಕೆಂಪುಕಲ್ಲು, ಹಂಚುಗಳನ್ನು ಬಳಸುವುದಾದರೆ ಅಲಂಕಾರಕ್ಕಾಗಿ ಅಂಟಿಸದೆ ಗೋಡೆಗೂ ಮಾಡಿಗೂ (ಚಾವಣಿಗೂ) ನಿಜವಾಗಿಯೇ ಬಳಸಿ. ಹೆಚ್ಚು ಎಚ್ಚರ ಬೇಕಾದದ್ದು ಹಳೆಯ ಗೋಡೆಗೆ ಹೊಸ ಮಾಡು ಕೂಡುವ ಸಂದಿಯಲ್ಲಿ. ಹಳೆಯ, ಹೊಸ ಕಟ್ಟಡಗಳ ಅಡಿಪಾಯ ಬೇರೆಬೇರೆಯಾಗಿರಲಿ. ನಡುವೆ ಕಿರಿದಾದ ಮುಚ್ಚಿದ ಹಾದಿಯೊಂದು ಸಾಕು. ಅದರ ಎರಡೂ ಬದಿಗೆ ಕೈಹಾಕಿ ತರಗೆಲೆ ತೆಗೆಯುವಷ್ಟು ಅಗಲದ ದಂಬೆ (ಮಳೆನೀರು ಹರಿಸುವ ದೋಣಿ) ಕೊಟ್ಟು, ಚಿತ್ರಗಳನ್ನು ಸಾಗಿಸುವ ಮೊದಲು ಒಂದು ಮಳೆಗಾಲ ಪೂರ್ತಿ ಆ ಸಂದಿಯನ್ನು ಗಮನಿಸಿ.