ಅಕ್ವೇರಿಯಂ ಮೀನಿನ ಬಿಳಿ ಚುಕ್ಕೆ ರೋಗಕ್ಕೆ ನಾನು ಮಾಡುವ ಚಿಕಿತ್ಸೆ

ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡರೆ, ಮದ್ದಿನ ಬಾಟಲಿಗೆ ಕೈ ಹಾಕುವ ಮುಂಚೆ ನಾನು ಎರಡು ಕೆಲಸ ಮಾಡುತ್ತೇನೆ. ಒಂದು, ಥರ್ಮಾಮೀಟರ್ ನೋಡುವುದು. ಇನ್ನೊಂದು, ನೀರಿನಲ್ಲಿ ಮೀನಿನ ಹೊಲಸಿನಿಂದ ಸೇರುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಎಷ್ಟಿದೆ ಎಂದು ಪರೀಕ್ಷಿಸುವುದು. ಚಿಕಿತ್ಸೆ ಎಷ್ಟು ದಿನ ನಡೆಯಬೇಕು ಎಂಬುದನ್ನು ಬಿಸಿ ಹೇಳುತ್ತದೆ. ಮೀನಿಗೆ ಚಿಕಿತ್ಸೆ ತಡೆಯುವ ತ್ರಾಣ ಇದೆಯೋ ಇಲ್ಲವೋ ಎಂಬುದನ್ನು ಅಮೋನಿಯಾ ಹೇಳುತ್ತದೆ. ಅಮೋನಿಯಾದಿಂದ ಕಿವಿರು ಸುಟ್ಟಿರುವ ಮೀನಿಗೆ ಮೊದಲು ಬೇಕಾದದ್ದು ನೀರು ಬದಲಾವಣೆ, ಮದ್ದು ಆಮೇಲೆ.

ಇದು ಆ ರೋಗವೇ ಹೌದೇ ಎಂದು ಖಚಿತ ಮಾಡಿಕೊಳ್ಳುವುದಕ್ಕೂ ಸ್ವಲ್ಪ ಹೊತ್ತು ಕೊಡಬೇಕು. ಬಿಳಿ ಚುಕ್ಕೆ ಹೆಚ್ಚೆಂದರೆ 1 ಮಿಲಿಮೀಟರ್ ಗಾತ್ರದ್ದು, ಚರ್ಮದಿಂದ ಸ್ವಲ್ಪ ಉಬ್ಬಿರುತ್ತದೆ. ಪಾರದರ್ಶಕ ರೆಕ್ಕೆಗಳ ಮೇಲೆ ಬೇಗ ಕಣ್ಣಿಗೆ ಬೀಳುತ್ತದೆ. ಮೀನು ಜಲ್ಲಿಗೆ, ಹೀಟರಿಗೆ ಮೈ ಉಜ್ಜುತ್ತದೆ, ರೆಕ್ಕೆ ಮುದುಡಿಕೊಳ್ಳುತ್ತದೆ. ಕತ್ತಲೆಯಲ್ಲಿ ಟಾರ್ಚ್ ಓರೆಯಾಗಿ ಬಿಟ್ಟಾಗ ಹಳದಿ ಧೂಳಿನಂತೆ ಮಿನುಗಿದರೆ ಅದು ವೆಲ್ವೆಟ್, ಬೇರೆ ರೋಗ. ಗಂಡು ಗೋಲ್ಡ್‌ಫಿಶ್‌ನ ಕಿವಿರು ಮುಚ್ಚಳದ ಮೇಲೂ ಎದೆ ರೆಕ್ಕೆಯ ಮುಂಚೂಣಿ ಕಡ್ಡಿಯ ಮೇಲೂ ಸಾಲಾಗಿ ಬರುವ ಬಿಳಿ ಗುಳ್ಳೆ ರೋಗವೇ ಅಲ್ಲ, ಸಂತಾನದ ಕಾಲದ ಗುರುತು. ಒಂದೇ ಜಾಗದಲ್ಲಿ ವಾರಗಟ್ಟಲೆ ಕೂತು ಗಂಟಾಗುವುದು ಲಿಂಫೋಸಿಸ್ಟಿಸ್ ಎಂಬ ವೈರಸ್ ಕಾಯಿಲೆ. ನಮ್ಮ ರೋಗದ ಚುಕ್ಕೆ ಹಾಗೆ ಒಂದು ಕಡೆ ನಿಲ್ಲುವುದಿಲ್ಲ. ಇವತ್ತು ಬಾಲದಲ್ಲಿದ್ದದ್ದು ಎರಡು ಮೂರು ದಿನದಲ್ಲಿ ಮಾಯವಾಗಿ ಬೆನ್ನಿನ ಮೇಲೆ ಹೊಸವು ಎದ್ದಿರುತ್ತವೆ. ಕೆಲವೊಮ್ಮೆ ಕಿವಿರಿನೊಳಗೆ ಮಾತ್ರ ಇರುತ್ತದೆ. ಆಗ ಮೈಮೇಲೆ ಒಂದು ಚುಕ್ಕೆಯೂ ಕಾಣದೆ ಮೀನು ಬಾಯಿ ಬಡಿಯುತ್ತಾ ಮೇಲೆ ಬರುತ್ತದೆ. ಕಷ್ಟದ ಕೇಸು ಎಂದರೆ ಅದು.

ಚಿಕಿತ್ಸೆಯ ಲೆಕ್ಕವೆಲ್ಲ ಈ ಜೀವಿಯ ಬದುಕಿನ ಚಕ್ರದ ಮೇಲೆ ನಿಂತಿದೆ. ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್, ಮೀನು ಸಾಕುವವರ ಬಾಯಲ್ಲಿ ಬರೀ ಇಕ್. ಸಿಹಿನೀರಿನ ಏಕಕೋಶ ಜೀವಿ, ಮೈತುಂಬ ಸಣ್ಣ ರೋಮ. ನಮಗೆ ಕಾಣುವ ಚುಕ್ಕೆ ಎಂದರೆ ಚರ್ಮದ ಹೊರಪದರದ ಅಡಿಯಲ್ಲಿ ಕೂತು ಮೀನಿನ ಜೀವಕೋಶ ತಿಂದು ಬೆಳೆಯುತ್ತಿರುವ ಹಂತ. ಬಲಿತ ಮೇಲೆ ಚರ್ಮ ಒಡೆದು ಹೊರಬಂದು ಜಲ್ಲಿ, ಗಿಡ, ಗಾಜು ಎಲ್ಲಾದರೂ ಅಂಟಿಕೊಂಡು ಸುತ್ತ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಡೆದು ಒಡೆದು ನೂರಾರು ಮರಿಗಳಾಗುತ್ತವೆ. ಆ ಮರಿಗಳು ನೀರಿಗೆ ಬಂದು ಈಜುತ್ತಾ ಮೀನು ಹುಡುಕುತ್ತವೆ. ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ.

ಚರ್ಮದ ಅಡಿಯಲ್ಲಿರುವುದನ್ನೂ ಕೋಶ ಕಟ್ಟಿಕೊಂಡಿರುವುದನ್ನೂ ನೀರಿಗೆ ಹಾಕಿದ ಉಪ್ಪು, ಮದ್ದು ಸುಲಭವಾಗಿ ಮುಟ್ಟುವುದಿಲ್ಲ. ಸಿಕ್ಕಿಬೀಳುವುದು ಈಜುವ ಮರಿಗಳು. ಆದ್ದರಿಂದ ಪ್ರತಿಯೊಂದು ಚುಕ್ಕೆಯೂ ಬಲಿತು, ಉದುರಿ, ಒಡೆದು, ಮರಿಯಾಗಿ ಹೊರಬರುವವರೆಗೂ ನೀರಿನಲ್ಲಿ ಮದ್ದು ಕಾಯುತ್ತಿರಬೇಕು. ಈ ಇಡೀ ಚಕ್ರಕ್ಕೆ 25 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಯುವಷ್ಟು ಸಮಯ, 10 ಡಿಗ್ರಿಯ ತಣ್ಣೀರಿನಲ್ಲಿ ವಾರಗಟ್ಟಲೆ. ಚುಕ್ಕೆ ಹೋಯಿತು ಎಂದು ಮೂರನೇ ದಿನಕ್ಕೆ ಮದ್ದು ನಿಲ್ಲಿಸುವುದೇ ಈ ರೋಗ ಮರುಕಳಿಸಲು ಅತಿ ದೊಡ್ಡ ಕಾರಣ. ಚುಕ್ಕೆ ಆಗ ಮೀನನ್ನು ಬಿಟ್ಟಿದೆ, ಟ್ಯಾಂಕನ್ನು ಬಿಟ್ಟಿಲ್ಲ.

ಈಗ ಅಳತೆ. ಟ್ಯಾಂಕ್ ಮಾರುವಾಗ ಹೇಳುವ ಲೀಟರು ಲೆಕ್ಕಕ್ಕೆ ಬರುವುದಿಲ್ಲ. 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ಟ್ಯಾಂಕ್ ಹೆಸರಿಗೆ 65 ಲೀಟರ್. ಆದರೆ ನೀರು ನಿಂತಿರುವುದು 30 ಸೆಂ.ಮೀ. ಎತ್ತರಕ್ಕೆ ಎಂದರೆ 60×30×30, ಅದನ್ನು 1000ದಿಂದ ಭಾಗಿಸಿದರೆ 54 ಲೀಟರ್. ತಳದಲ್ಲಿ 5 ಸೆಂ.ಮೀ. ಜಲ್ಲಿ ಇದ್ದರೆ ಇನ್ನೂ ಐದಾರು ಲೀಟರ್ ಕಳೆಯಬೇಕು. ಉಳಿಯುವುದು 48ರ ಆಸುಪಾಸು. 65ರ ಲೆಕ್ಕದಲ್ಲಿ ಮದ್ದು ಹಾಕಿದರೆ ಮೂರನೇ ಒಂದು ಭಾಗದಷ್ಟು ಹೆಚ್ಚಾಯಿತು. ಉಪ್ಪಿಗೆ ಇದು ನಡೆದೀತು, ಮಲಕೈಟ್ ಗ್ರೀನ್ ಎಂಬ ಬಣ್ಣದ ಮದ್ದಿಗೆ ನಡೆಯುವುದಿಲ್ಲ.

ಬಿಸಿ ತಡೆಯುವ ಮೀನುಗಳಿಗೆ, ಅಂದರೆ ಗಪ್ಪಿ, ಮೊಲ್ಲಿ, ಗೌರಾಮಿ, ಏಂಜೆಲ್, ಡಿಸ್ಕಸ್ ಇಂಥವಕ್ಕೆ ನನ್ನ ಮೊದಲ ಆಯ್ಕೆ ಬಿಸಿ ಮತ್ತು ಉಪ್ಪು. ಹೀಟರನ್ನು ಮೂರ್ನಾಲ್ಕು ಗಂಟೆಗೆ 1 ಡಿಗ್ರಿಯಂತೆ ಏರಿಸುತ್ತಾ 30 ಡಿಗ್ರಿಗೆ ತರುತ್ತೇನೆ. ಈ ಬಿಸಿಯಲ್ಲಿ ಇಕ್‌ನ ಸಾಮಾನ್ಯ ತಳಿಗಳಿಗೆ ಸಂತಾನ ಮುಂದುವರಿಸಲು ಆಗುವುದಿಲ್ಲ. 27-28ಕ್ಕೆ ನಿಲ್ಲಿಸಿದರೆ ಚಕ್ರ ಬರೀ ಜೋರಾಗಿ ತಿರುಗುತ್ತದೆ, ಮದ್ದಿಲ್ಲದೆ ಅದನ್ನೇ ನಂಬಿದರೆ ರೋಗಕ್ಕೆ ಸಹಾಯ ಮಾಡಿದಂತೆ. ಹೀಟರಿನ ಗುಂಡಿ ತೋರಿಸುವ ಅಂಕಿಯನ್ನು ನಂಬುವುದಿಲ್ಲ, ಒಂದೆರಡು ಡಿಗ್ರಿ ವ್ಯತ್ಯಾಸ ಮಾಮೂಲು. ಥರ್ಮಾಮೀಟರನ್ನು ಹೀಟರಿನಿಂದ ದೂರದ ಮೂಲೆಯಲ್ಲಿ ತಳಕ್ಕೆ ಹತ್ತಿರ ಇಟ್ಟು, ಬೆಳಗಿನ ಜಾವದ ಅಂಕಿ ನೋಡಬೇಕು. ಹಗಲು 30 ಇದ್ದು ರಾತ್ರಿ 27ಕ್ಕೆ ಇಳಿದರೆ ಹೀಟರಿನ ಶಕ್ತಿ ಸಾಲದು ಎಂದರ್ಥ. 50 ಲೀಟರಿಗೆ 50 ವಾಟ್ ಸಾಕಾಗಬಹುದು, ಕೋಣೆ ತಣ್ಣಗಿದ್ದರೆ 75 ಬೇಕು.

ಬಿಸಿ ಏರಿದಂತೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಇಳಿಯುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿ.ಗ್ರಾಂ. ಇದ್ದದ್ದು 30ರಲ್ಲಿ 7.5ರ ಹತ್ತಿರಕ್ಕೆ ಬರುತ್ತದೆ. ಅದೇ ಹೊತ್ತಿಗೆ ಮೀನಿನ ಉಸಿರಾಟದ ಬೇಡಿಕೆ ಹೆಚ್ಚಾಗಿರುತ್ತದೆ, ಕಿವಿರು ಮೊದಲೇ ಹಾಳಾಗಿರುತ್ತದೆ. ಹಾಗಾಗಿ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಮೊದಲು, ಹೀಟರ್ ಆಮೇಲೆ. ಮೀನು ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗಿದರೆ ಬಿಸಿ ಏರಿಸುವುದನ್ನು ಅಲ್ಲಿಗೇ ನಿಲ್ಲಿಸಿ ಗಾಳಿ ಹೆಚ್ಚಿಸಿ.

ಉಪ್ಪು ಲೀಟರಿಗೆ 2 ಗ್ರಾಂ. ಬೇರೇನೂ ಬೆರೆಸದ ಶುದ್ಧ ಸೋಡಿಯಂ ಕ್ಲೋರೈಡ್ ಆದರೆ ಸಾಕು, ದುಬಾರಿ ಅಕ್ವೇರಿಯಂ ಉಪ್ಪು ಎಂದರೂ ಒಳಗಿರುವುದು ಅದೇ. ಚಮಚದ ಲೆಕ್ಕ ಬೇಡ, ಪುಡಿಯುಪ್ಪಿಗೂ ಹರಳುಪ್ಪಿಗೂ ಚಮಚದ ತೂಕ ಬೇರೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 48 ಲೀಟರಿಗೆ 96 ಗ್ರಾಂ ಆಯಿತು, ಅದನ್ನು 32 ಗ್ರಾಮಿನ ಮೂರು ಪಾಲು ಮಾಡಿ 12 ಗಂಟೆಗೊಮ್ಮೆ ಒಂದೊಂದು ಪಾಲನ್ನು ಟ್ಯಾಂಕಿನದೇ ನೀರಿನಲ್ಲಿ ಪೂರ್ತಿ ಕರಗಿಸಿ, ಫಿಲ್ಟರಿನ ನೀರು ಬೀಳುವ ಕಡೆ ನಿಧಾನವಾಗಿ ಹಾಕುತ್ತೇನೆ. ಹರಳು ಹಾಗೇ ಎಸೆದರೆ ತಳದಲ್ಲಿ ಮಲಗುವ ಮೀನಿಗೆ ಸುಟ್ಟ ಗಾಯವಾಗುತ್ತದೆ. ಗಪ್ಪಿ, ಮೊಲ್ಲಿ, ಗೋಲ್ಡ್‌ಫಿಶ್ ಇವು 3 ಗ್ರಾಂ ಕೂಡ ತಡೆಯುತ್ತವೆ. ಲೋಚ್, ಕೋರಿಡೋರಸ್ ಇದ್ದರೆ 1 ಗ್ರಾಂ ದಾಟುವುದಿಲ್ಲ.

ಉಪ್ಪಿನ ಲೆಕ್ಕ ತಪ್ಪುವುದು ನೀರು ಬದಲಿಸುವಾಗ. ಉಪ್ಪು ಆವಿಯಾಗುವುದಿಲ್ಲ, ನೀರು ಮಾತ್ರ ಆವಿಯಾಗುತ್ತದೆ. ಗಾಜಿನ ಮೇಲೆ ಟೇಪು ಅಂಟಿಸಿ ನೀರಿನ ಮಟ್ಟ ಗುರುತು ಮಾಡಿಕೊಂಡರೆ ಗೊಂದಲವಿಲ್ಲ: ಆವಿಯಾಗಿ ಇಳಿದದ್ದಕ್ಕೆ ಸಿಹಿನೀರು, ಸೈಫನ್ ಮಾಡಿ, ಅಂದರೆ ಪೈಪಿನಿಂದ ಎಳೆದು ತೆಗೆದ 12 ಲೀಟರಿಗೆ 24 ಗ್ರಾಂ ಉಪ್ಪು ಬೆರೆಸಿದ ನೀರು. ಫಿಲ್ಟರಿನಲ್ಲಿ ಜಿಯೋಲೈಟ್ ಇದ್ದರೆ ಉಪ್ಪು ಹಾಕುವ ಮುಂಚೆ ತೆಗೆದುಬಿಡಿ. ಅದು ಹೀರಿಟ್ಟುಕೊಂಡ ಅಮೋನಿಯಾವನ್ನು ಉಪ್ಪುನೀರಿನಲ್ಲಿ ವಾಪಸ್ ಬಿಡುತ್ತದೆ. ಮದ್ದು ಹಾಕಿದ ರಾತ್ರಿಯೇ ಮೀನು ಸತ್ತವು ಎನ್ನುವ ಕೆಲವು ದೂರುಗಳ ಹಿಂದೆ ಇದು ಇರಬಹುದೆಂದು ನನಗೆ ಅನಿಸುತ್ತದೆ.

ದಿನಾ ಸೈಫನ್ ಹಿಡಿಯುವುದನ್ನು ಜನ ಮದ್ದು ಎಂದು ಪರಿಗಣಿಸುವುದೇ ಇಲ್ಲ. ನನಗೆ ಅದು ಅರ್ಧ ಚಿಕಿತ್ಸೆ. ಮೀನಿನಿಂದ ಉದುರಿದ ಒಂದೊಂದು ಕೋಶವೂ ನೂರಾರು ಮರಿ ಹಾಕಲು ಕಾಯುತ್ತಿರುವಾಗ, ಜಲ್ಲಿಯೊಳಗೆ ನಳಿಕೆ ಚುಚ್ಚಿ ಚುಚ್ಚಿ ತಳದ ಕಸದ ಜೊತೆ ಅವನ್ನು ಎತ್ತಿ ಹೊರಗೆ ಚೆಲ್ಲುವುದಕ್ಕಿಂತ ಅಗ್ಗದ ಉಪಾಯ ಇಲ್ಲ. ಮೀನು ಮಲಗುವ ಮೂಲೆ, ಅಲಂಕಾರದ ಕಲ್ಲಿನ ಅಡಿ, ಫಿಲ್ಟರಿನ ಹಿಂದೆ ಹೆಚ್ಚು ಹೊತ್ತು ನಿಲ್ಲಿಸಿ. ಶುರುಮಾಡುವ ಮುಂಚೆ ಹೀಟರಿನ ಪ್ಲಗ್ ಕೀಳಬೇಕು, ನೀರಿನಿಂದ ಹೊರಬಂದ ಬಿಸಿ ಗಾಜು ಒಡೆಯುತ್ತದೆ. ಹೊಸ ನೀರು ಕ್ಲೋರಿನ್ ತೆಗೆದದ್ದಾಗಿರಲಿ, ಟ್ಯಾಂಕಿನಷ್ಟೇ ಬಿಸಿಯಿರಲಿ.

ಗಿಡ ತುಂಬಿದ ಟ್ಯಾಂಕಿನಲ್ಲಿ ಇದ್ಯಾವುದೂ ಸರಿಯಾಗಿ ಆಗುವುದಿಲ್ಲ. ಉಪ್ಪಿಗೆ ಎಷ್ಟೋ ಗಿಡ ಕರಗುತ್ತವೆ. ಅಲ್ಲಿ ಎಲ್ಲ ಮೀನನ್ನೂ, ಒಂದನ್ನೂ ಬಿಡದೆ, ಜಲ್ಲಿಯಿಲ್ಲದ ಬರಿ ತಳದ ಟ್ಯಾಂಕಿಗೆ ಸಾಗಿಸುತ್ತೇನೆ. ಚುಕ್ಕೆ ಕಾಣದ ಮೀನೂ ಹೋಗಬೇಕು. ಹಳೆಯ ಟ್ಯಾಂಕಿನ ಫಿಲ್ಟರಿನಿಂದ ಒಂದು ಸ್ಪಂಜು ಜೊತೆಗೆ ಬಂದರೆ ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾದಿಂದ ಅಮೋನಿಯಾ ಏರುವುದಿಲ್ಲ. ಬರಿ ತಳವಾದ್ದರಿಂದ ಸೈಫನ್ ಕೆಲಸ ಐದು ನಿಮಿಷದ್ದು.

ಗೋಲ್ಡ್‌ಫಿಶ್, ವೈಟ್ ಕ್ಲೌಡ್ ತರಹದ ತಣ್ಣೀರು ಮೀನಿಗೆ 30 ಡಿಗ್ರಿ ಹಿಂಸೆ. ಅಲ್ಲಿ 24-25ರಲ್ಲೇ ಇಟ್ಟು ಮಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಬೆರೆಸಿದ ಸಿದ್ಧ ಮದ್ದು ಬಳಸುತ್ತೇನೆ. ಪ್ರಮಾಣ ಬಾಟಲಿಯ ಮೇಲಿನದೇ, ಆದರೆ ಮೇಲೆ ಹೇಳಿದ ನಿಜವಾದ ಲೀಟರಿಗೆ. ಒಂದು ದಿನ ಬಿಟ್ಟು ಒಂದು ದಿನ, ಪ್ರತಿ ಸಲವೂ ಕಾಲುಭಾಗ ನೀರು ಬದಲಿಸಿದ ಮೇಲೆ. ಫಿಲ್ಟರಿನ ಇದ್ದಿಲು ತೆಗೆದಿರಬೇಕು, ಇಲ್ಲದಿದ್ದರೆ ಮದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಲೈಟ್ ಆರಿಸಿರಬೇಕು, ಮಲಕೈಟ್ ಗ್ರೀನ್ ಬೆಳಕಿಗೆ ಒಡೆಯುತ್ತದೆ. ಟೆಟ್ರಾ, ಲೋಚ್, ಕ್ಯಾಟ್‌ಫಿಶ್ ಇದ್ದರೆ ಅರ್ಧ ಪ್ರಮಾಣ. ಫಾರ್ಮಲಿನ್ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ: ಲೀಟರಿಗೆ 5 ಮಿ.ಗ್ರಾಂ. ಫಾರ್ಮಲಿನ್‌ಗೆ ಸುಮಾರು 1 ಮಿ.ಗ್ರಾಂ. ಆಮ್ಲಜನಕ ಒಂದೂವರೆ ದಿನದಲ್ಲಿ ಹೋಗುತ್ತದೆ. ಈ ಮದ್ದನ್ನೂ 30 ಡಿಗ್ರಿ ಬಿಸಿಯನ್ನೂ ಒಟ್ಟಿಗೆ ಕೊಡಬಾರದು ಎನ್ನುವುದು ಅದಕ್ಕೇ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡ ಫಾರ್ಮಲಿನ್ ಮೀನಿಗೆ ಇನ್ನೂ ಹೆಚ್ಚಿನ ವಿಷ, ಎಸೆಯಬೇಕು. ಕೈಗೆ ಗ್ಲೌಸ್, ಕಿಟಕಿ ತೆರೆದಿರಲಿ, ಗರ್ಭಿಣಿಯರು ಮಲಕೈಟ್ ಗ್ರೀನ್ ಮುಟ್ಟುವುದು ಬೇಡ. ತಿನ್ನಲು ಸಾಕಿದ ಮೀನಿಗೆ ಇದು ನಿಷಿದ್ಧ.

ತಾಮ್ರದ ಮದ್ದು ಕೆಲಸ ಮಾಡುತ್ತದೆ, ಆದರೆ ಸೀಗಡಿ, ಬಸವನಹುಳು ಉಳಿಯುವುದಿಲ್ಲ. ಗಡಸುತನ, ಕ್ಷಾರತೆ ಕಡಿಮೆಯಿರುವ ಮೆದು ನೀರಿನಲ್ಲಿ ಮೀನಿಗೂ ಅಪಾಯ. ಮಿಥಿಲೀನ್ ಬ್ಲೂ ಮುಖ್ಯ ಟ್ಯಾಂಕಿಗೆ ಹಾಕಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತದೆ. ಆಂಟಿಬಯಾಟಿಕ್ ಇಲ್ಲಿ ದಂಡ, ಇದು ಬ್ಯಾಕ್ಟೀರಿಯಾ ರೋಗವೇ ಅಲ್ಲ.

ಬಿಸಿ ಏರಿಸಿದ ಮೊದಲ ಎರಡು ಮೂರು ದಿನ ಚುಕ್ಕೆ ಹೆಚ್ಚಾಗಿಯೇ ಕಾಣುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಚರ್ಮದೊಳಗೆ ಮೊದಲೇ ಇದ್ದವು ಬೇಗ ಬಲಿಯುತ್ತಿವೆ, ಅಷ್ಟೇ. ಇಲ್ಲಿ ಗಾಬರಿಯಾಗಿ ಮದ್ದು ಬದಲಿಸಿ, ಅದರ ಮೇಲೆ ಇನ್ನೊಂದು ಸುರಿದರೆ ಮೀನು ಸಾಯುವುದು ರೋಗದಿಂದಲ್ಲ. ನಾಲ್ಕೈದನೇ ದಿನಕ್ಕೆ ಇಳಿಮುಖ, ವಾರದ ಹೊತ್ತಿಗೆ ಮೈ ಚೊಕ್ಕ. ಕೊನೆಯ ಚುಕ್ಕೆ ಕಂಡ ದಿನವನ್ನು ಬರೆದಿಟ್ಟುಕೊಂಡು 30 ಡಿಗ್ರಿಯಲ್ಲಾದರೆ ಅಲ್ಲಿಂದ 10 ದಿನ, 24-25ರಲ್ಲಾದರೆ ಎರಡು ವಾರ ಮುಂದುವರಿಸುತ್ತೇನೆ. ರಾತ್ರಿಯೂ 30 ಬಿಡದೆ ನಿಂತಿದ್ದು ವಾರದ ನಂತರವೂ ಹೊಸ ಚುಕ್ಕೆ ಏಳುತ್ತಿದ್ದರೆ ಅದು ಬಿಸಿ ತಡೆಯುವ ತಳಿ. ಆಗ 26ಕ್ಕೆ ನಿಧಾನ ಇಳಿಸಿ ಮಲಕೈಟ್ ಗ್ರೀನ್ ಮದ್ದಿಗೆ ಹೋಗಬೇಕು. ಚುಕ್ಕೆ ಬಿಟ್ಟುಹೋದ ಜಾಗದಲ್ಲಿ ಹತ್ತಿಯಂತೆ ಬೂಸಲು ಬಂದರೆ ಅದು ಗಾಯಕ್ಕೆ ತಗುಲಿದ ಎರಡನೇ ಸೋಂಕು, ಅದರ ಚಿಕಿತ್ಸೆಯೇ ಬೇರೆ. ಊಟ ಈ ದಿನಗಳಲ್ಲಿ ಅರ್ಧ, ಉಳಿದದ್ದನ್ನು ಕೂಡಲೇ ತೆಗೆಯಿರಿ.

ಮುಗಿದ ಮೇಲೆ ಬಿಸಿಯನ್ನು ದಿನಕ್ಕೆ 1 ಡಿಗ್ರಿಯಂತೆ ಇಳಿಸಿ, ಉಪ್ಪನ್ನು ನಾಲ್ಕೈದು ಸಲದ ನೀರು ಬದಲಾವಣೆಯಲ್ಲಿ ತೆಗೆಯುತ್ತೇನೆ. ಬಲೆ, ಪೈಪು, ಬಕೆಟ್ ಪೂರ್ತಿ ಒಣಗಿದರೆ ಪರಾವಲಂಬಿ ಉಳಿಯುವುದಿಲ್ಲ, ಒದ್ದೆಯಾಗಿಯೇ ಇನ್ನೊಂದು ಟ್ಯಾಂಕಿಗೆ ಇಳಿಸಿದರೆ ಅಲ್ಲಿಗೂ ಹೋಗುತ್ತದೆ. ಮೀನಿಲ್ಲದೆ ಖಾಲಿ ಬಿಟ್ಟ ಗಿಡದ ಟ್ಯಾಂಕನ್ನು 25 ಡಿಗ್ರಿಗಿಂತ ಕೆಳಗಿಳಿಯದಂತೆ ಎರಡು ವಾರ ಇಟ್ಟರೆ ಕೋಶ ಒಡೆದು ಬಂದ ಮರಿಗಳೆಲ್ಲ ಸತ್ತಿರುತ್ತವೆ. ಹೊಸ ಮೀನಿಗೆ, ನೋಡಲು ಎಷ್ಟೇ ಚೆನ್ನಾಗಿರಲಿ, ಬೇರೆ ಟ್ಯಾಂಕಿನಲ್ಲಿ ನಾಲ್ಕು ವಾರ. ಮೀನಿನ ಜೊತೆ ಒಂದೇ ನೀರಿನಲ್ಲಿದ್ದ ಹೊಸ ಗಿಡವನ್ನೂ ಹಾಗೇ ಎರಡು ವಾರ ಬೆಚ್ಚಗಿನ ನೀರಿನಲ್ಲಿ ಪ್ರತ್ಯೇಕ ಇಡುತ್ತೇನೆ, ಎಲೆಗೆ ಅಂಟಿಕೊಂಡ ಕೋಶ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.