ಈಟಿಗಿಂತ ಮೊದಲು ಹೆಜ್ಜೆ

ಮೀನಿಗೆ ಈಟಿ ಎಸೆಯಲು ತೋಳಿನಲ್ಲಿ ಬಲ ಇದ್ದರೆ ಸಾಕು ಅಂದುಕೊಂಡೇ ಹೋಗಿದ್ದೆ. ಆಸ್ಟ್ರೇಲಿಯಾದ ಕೂಯಾ ಬೀಚಿನಲ್ಲಿ ಮೊದಲು ಕಲಿಸಿದ್ದು ಕಾಲಿಡುವುದನ್ನು. ನೀರಿನಲ್ಲಿ ಪಾದ ಎತ್ತಬಾರದು, ನೆಲಕ್ಕೆ ಉಜ್ಜುತ್ತ ಸಾಗಬೇಕು. ಮರಳಿನಡಿ ಮಲಗಿರುವ ತೊರಕೆ ಮೀನಿಗೆ ಸುಳಿವು ಸಿಕ್ಕಿ ಅದೇ ಸರಿದುಹೋಗುತ್ತದೆ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತದೆ.

ಇದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರದಲ್ಲಿ, ಪೋರ್ಟ್ ಡಗ್ಲಸ್ ಊರಿನ ಹತ್ತಿರ, ಕುಕು ಯಲಂಜಿ ಎಂಬ ಮೂಲನಿವಾಸಿ ಜನರ ನೆಲ. ಕಲಿಸಿದವರೂ ಅವರೇ. ಡೇಂಟ್ರಿ ಸೇರಿದಂತೆ ನಾಲ್ಕು ರಾಷ್ಟ್ರೀಯ ಉದ್ಯಾನಗಳ 1,60,000 ಹೆಕ್ಟೇರಿಗೂ ಹೆಚ್ಚು ಭೂಮಿಯ ಒಡೆತನ ಈ ಜನರಿಗೆ ಮರಳಿ ಸಿಕ್ಕಿದ್ದು 2021ರ ಸೆಪ್ಟೆಂಬರ್‌ನಲ್ಲಿ. ತೀರಾ ಈಚಿನ ಮಾತು!

ಈಟಿಯನ್ನು ತೂಕ ಸಮನಾಗುವ ಜಾಗದಲ್ಲಿ ಸಡಿಲವಾಗಿ ಹಿಡಿಯಬೇಕು. ಗುರಿ ಇಡುವುದು ಮೀನಿನ ಮೇಲಲ್ಲ, ಅದು ಕಾಣುವ ಜಾಗಕ್ಕಿಂತ ಕೆಳಗೆ. ಬೆಳಕು ನೀರಿನಲ್ಲಿ ಬಾಗುವುದರಿಂದ ಮೀನು ಇದ್ದದ್ದಕ್ಕಿಂತ ಮೇಲೆ ಇದ್ದಂತೆ ತೋರುತ್ತದೆ. ಶಾಲೆಯಲ್ಲಿ ಉರುಹೊಡೆದ ಪಾಠ, ಇಲ್ಲಿ ಊಟದ ಪ್ರಶ್ನೆ.

ಸಮುದ್ರದ ಇಳಿತ ಚೆನ್ನಾಗಿ ಆದಮೇಲೆ ಮ್ಯಾಂಗ್ರೋವ್ ಕಾಡಿನೊಳಗೆ ಹೊಕ್ಕೆವು. ಬೇರುಗಳ ಬುಡದಲ್ಲಿ ಏಡಿಯ ಬಿಲ. ನನಗೆ ಕಂಡದ್ದು ಬರೀ ಕೆಸರು. ನಮ್ಮ ಗುರುಗಳು ನಡೆಯುತ್ತಲೇ ಬಿಲ ತೋರಿಸುತ್ತಿದ್ದರು. ಹಿಡಿದ ಏಡಿಯನ್ನು ಮಗುಚಿ ಹೊಟ್ಟೆ ನೋಡುವುದು ಮೊದಲ ಕೆಲಸ. ಹೊಟ್ಟೆಯ ಮುಚ್ಚಳ ಕಿರಿದಾಗಿ ತ್ರಿಕೋನದಂತಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ನಮ್ಮಂಥ ಹೊರಗಿನವರಿಗೆ ಕ್ವೀನ್ಸ್‌ಲ್ಯಾಂಡಿನ ಕಾನೂನು ಹೆಣ್ಣನ್ನು ಮುಟ್ಟಗೊಡುವುದಿಲ್ಲ. ಗಂಡಿನ ಚಿಪ್ಪೂ ಕನಿಷ್ಠ 15 ಸೆಂ.ಮೀ. ಅಗಲ ಇರಬೇಕು. ಸಿಕ್ಕ ಹೆಣ್ಣೇಡಿಯನ್ನು ಅದರ ಬಿಲದ ಬಾಯಲ್ಲೇ ಬಿಟ್ಟೆವು.

ದಂಡೆಯಲ್ಲಿ ನೆರಳು ಕೊಟ್ಟದ್ದು ನಮ್ಮ ಕರಾವಳಿಯ ಹೊನ್ನೆ ಮರ. ಅದೇ ಜಾತಿ, ಅದೇ ಗುಂಡು ಕಾಯಿ. ಪಕ್ಕದ ಗಿಡದಲ್ಲಿ ಎಲೆ ಹೊಲಿದು ಕಟ್ಟಿದ ಇರುವೆ ಗೂಡು. ಹಸಿರು ಹೊಟ್ಟೆಯ ಇರುವೆಯೊಂದನ್ನು ಹಿಡಿದು ಹಿಂಭಾಗವನ್ನು ನಾಲಗೆಗೆ ತಾಗಿಸಿ ಅಂದರು. ಜೊತೆಯವರು ಮುಖ ಸಿಂಡರಿಸಿದರು. ಮಲೆನಾಡಿನ ಸಾಗರ ಊರಿನ ಕಡೆಯವನಾದ ನನಗೆ ನಗು ಬಂತು. ಇದು ನಮ್ಮ ಚಗಳಿ ಇರುವೆಯೇ ಅಲ್ಲವೇ! ಅಲ್ಲಿ ಕೆಂಪು, ಇಲ್ಲಿ ಹಸಿರು, ಹುಳಿ ಮಾತ್ರ ಒಂದೇ. ಮಲೆನಾಡಿನಲ್ಲಿ ಕಾಯಿ, ಮೆಣಸಿನಕಾಯಿ ಹಾಕಿ ಚಟ್ನಿ ಅರೆಯುತ್ತಾರೆ ಅಂದಾಗ ಗುರುಗಳು ನಿಂತು ಕೇಳಿದರು. ಗೂಡು ಹಿಸುಕಿ ಮೂಸಿದರೆ ಕಟ್ಟಿದ ಮೂಗು ಬಿಡುತ್ತದೆ ಅಂತ ಅವರ ಮನೆಯಲ್ಲೂ ಹೇಳುತ್ತಾರಂತೆ.

ಹೋಗುವವರು ಗಟ್ಟಿ ಅಟ್ಟೆಯ ಹಳೆಯ ಷೂ ಹಾಕಿಕೊಳ್ಳಿ. ಚಪ್ಪಲಿಯನ್ನು ಕೆಸರು ಎಳೆದುಕೊಳ್ಳುತ್ತದೆ. ಅಲ್ಲಿ ಮೊಸಳೆಗಳಿವೆ, ನವೆಂಬರ್‌ನಿಂದ ಮೇವರೆಗೆ ವಿಷದ ಲೋಳೆಮೀನಿನ ಕಾಲ. ಹಾಗಾಗಿ ಸ್ಥಳೀಯರಿಲ್ಲದೆ ನೀವಾಗಿಯೇ ನೀರಿಗಿಳಿಯಬೇಡಿ.