ಮಕ್ಕಳ ಜೊತೆ ಕಡಲಿಗೆ: ಒಂದೇ ಊರು, ಒಂದೇ ರೂಮು

ಬೆಂಗಳೂರಿನವರು ಕರಾವಳಿಗೆ ಹೊರಟರೆ ಒಂದು ರೂಢಿ ಇದೆ. ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಹೇಗೂ ಅಷ್ಟು ದೂರ ಹೋಗಿದ್ದೀವಲ್ಲ ಅಂತ ಗೋಕರ್ಣ. ಎಲ್ಲ ಒಂದೇ ಉಸಿರಿಗೆ. ದೊಡ್ಡವರಿಗೆ ಅದು ಸರಿ. ನಾಲ್ಕು ದಾಟಿದ ಮಗಳು, ಒಂದೂವರೆ ವರ್ಷದ ಮಗ ಜೊತೆಗಿದ್ದರೆ ಅರ್ಧ ರಜೆ ಕಾರಿನ ಹಿಂದಿನ ಸೀಟಿನಲ್ಲೇ ಕಳೆದುಹೋಗುತ್ತದೆ. ಅದಕ್ಕೇ ನಾನು ಮೊದಲೇ ಹೇಳಿಬಿಟ್ಟೆ: ಒಂದೇ ಊರು, ಒಂದೇ ರೂಮು, ರೂಮಿನ ಮುಂದೆ ಸಮುದ್ರ. ಅಷ್ಟೇ.

"ಅಲ್ಲೀತನಕ ಹೋಗಿ ಮೂಕಾಂಬಿಕೆ ನೋಡದೆ ಬರೋದಾ?" ಅಂದರು ಅತ್ತೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಒಂದು ಬೆಳಿಗ್ಗೆ ಅತ್ತೆ ಮತ್ತು ನಮ್ಮ ಯಜಮಾನರು ಆಟೋದಲ್ಲಿ ಕೃಷ್ಣ ಮಠಕ್ಕೆ ಹೋಗಿ ಬರುವುದು, ಮಕ್ಕಳು ನನ್ನ ಜೊತೆ ಇರುವುದು. ಕೊಲ್ಲೂರು ಮುಂದಿನ ಸಲಕ್ಕೆ.

ರೆಸಾರ್ಟ್ ಹುಡುಕುವಾಗ ನಾನು ಫೋಟೋ ನೋಡುವುದನ್ನು ಬಿಟ್ಟು ಮ್ಯಾಪ್ ನೋಡಿದೆ. ಉಪಗ್ರಹ ಚಿತ್ರ ಹಾಕಿ ಮಲ್ಪೆಯಿಂದ ಕೆಳಗೆ ಕಾಪು, ಪಡುಬಿದ್ರಿವರೆಗೆ ದಡವನ್ನೇ ದೊಡ್ಡದು ಮಾಡಿ ನೋಡುತ್ತಾ ಹೋದೆ. ಕಾರಣ ಇದೆ. ಕರಾವಳಿಯ ಎಷ್ಟೋ ಕಡೆ ಕಡಲ್ಕೊರೆತ ತಡೆಯಲು ದಡದ ಉದ್ದಕ್ಕೂ ದೊಡ್ಡ ದೊಡ್ಡ ಬಂಡೆ ಸುರಿದಿದ್ದಾರೆ. ಅಂಥ ಕಡೆ 'ಬೀಚ್ ಫ್ರಂಟ್' ಅನ್ನುವುದು ಸುಳ್ಳೇನಲ್ಲ, ಎದುರಿಗೇ ಸಮುದ್ರ ಇರುತ್ತದೆ. ಆದರೆ ಮಗುವನ್ನು ಎತ್ತಿಕೊಂಡು ಆ ಬಂಡೆ ಇಳಿಯೋದು ಯಾರು? ಉಪಗ್ರಹ ಚಿತ್ರದಲ್ಲಿ ಅದು ಮರಳಿಗೂ ತೋಟಕ್ಕೂ ನಡುವೆ ಕಪ್ಪು ಗೆರೆಯ ಹಾಗೆ ಕಾಣುತ್ತದೆ. ಆ ಗೆರೆ ಕಂಡ ಜಾಗಗಳನ್ನೆಲ್ಲ ಬಿಟ್ಟೆ. ರಸ್ತೆ ದಾಟಿ ಹೋಗಬೇಕಾದವನ್ನೂ ಬಿಟ್ಟೆ. ಮರವಂತೆ ನೋಡಲು ಎಷ್ಟು ಚಂದ, ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ. ಆದರೆ ನಡುವೆ ಇರುವುದು ಹೆದ್ದಾರಿ 66. ಕೈ ಬಿಡಿಸಿಕೊಂಡು ಓಡುವ ವಯಸ್ಸಿನ ಮಕ್ಕಳಿಗೆ ಅದಲ್ಲ.

ಉಳಿದ ಜಾಗಗಳಿಗೆ ಫೋನ್ ಮಾಡಿ ಸುತ್ತುಬಳಸದೆ ಕೇಳಿದೆ. ರೂಮಿನ ಬಾಗಿಲಿನಿಂದ ಮರಳಿಗೆ ಎಷ್ಟು ನಡೆಯಬೇಕು? ನೆಲಮಹಡಿಯ ರೂಮು ಸಿಗುತ್ತದಾ? ಈಜುಕೊಳಕ್ಕೆ ಬೇಲಿ, ಗೇಟು ಇದೆಯಾ? ರಾತ್ರಿ ಒಂಬತ್ತಕ್ಕೆ ಒಂದು ಲೋಟ ಬಿಸಿ ಹಾಲು ಬೇಕೆಂದರೆ ಅಡುಗೆಮನೆಯಲ್ಲಿ ಯಾರಾದರೂ ಇರುತ್ತಾರಾ? ಒಂದು ಕಡೆ "ನಮ್ಮಲ್ಲಿ ಡಿಜೆ ನೈಟ್ ಉಂಟು ಮೇಡಂ" ಅಂತ ಖುಷಿಯಿಂದ ಹೇಳಿದರು. ಥ್ಯಾಂಕ್ಸ್ ಹೇಳಿ ಇಟ್ಟುಬಿಟ್ಟೆ. ಕೊನೆಗೆ ಸಿಕ್ಕಿದ್ದು ತೆಂಗಿನ ತೋಟದೊಳಗಿನ ಚಿಕ್ಕ ಜಾಗ. ಹೊಳೆಯುವ ಲಾಬಿ ಇಲ್ಲ, ಮಕ್ಕಳ ಆಟದ ಕೋಣೆಯೂ ಇಲ್ಲ. ವರಾಂಡ ಇಳಿದು ತೋಟ ದಾಟಿದರೆ ಮರಳು. ಮಕ್ಕಳಿಗೆ ಇಡೀ ದಡವೇ ಆಟದ ಕೋಣೆ, ಅಲ್ವಾ?

ಹೋದದ್ದು ಡಿಸೆಂಬರ್ ರಜೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ರೌದ್ರವಾಗಿರುತ್ತದೆ, ನೀರಿಗೆ ಇಳಿಯುವ ಮಾತೇ ಇಲ್ಲ. ಏಪ್ರಿಲ್, ಮೇ ತಿಂಗಳ ಸೆಕೆ ನಮ್ಮ ಬೆಂಗಳೂರಿನ ಮಕ್ಕಳಿಗೆ ಆಗಿಬರುವುದಿಲ್ಲ.

ಕಾರು ಬೇಡ ಅಂದಿದ್ದೂ ನಾನೇ. ಉಡುಪಿಗೆ ಸುಮಾರು 400 ಕಿ.ಮೀ., ನಡುವೆ ಘಾಟಿಯ ತಿರುವು, ಮಗಳಿಗೆ ವಾಂತಿ. ಸಂಜೆ ಬೆಂಗಳೂರು ಬಿಡುವ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. ರೈಲಿಗೆ ಆ ಹೆಸರು ಬಂದದ್ದು ಗಂಗೊಳ್ಳಿಯ ಹತ್ತಿರ ಸೇರುವ ಐದು ನದಿಗಳಿಂದ. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಮಕ್ಕಳು ಅಷ್ಟನ್ನೂ ನಿದ್ದೆಯಲ್ಲೇ ಮುಗಿಸಿದರು. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ರಜೆಯ ದಿನಗಳಿಗೆ ಆವತ್ತೇ ಕೂತು ಮಾಡಿಬಿಡಿ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಬರ್ತ್ ಬೇಡ ಎಂದರೆ ಟಿಕೆಟ್ ಬೇಕಿಲ್ಲ. ನಾನು ಮಗಳಿಗೆ ಪೂರ್ತಿ ದುಡ್ಡು ಕೊಟ್ಟು ಬರ್ತ್ ತೆಗೆದುಕೊಂಡೆ. ನಿದ್ದೆಗೆಟ್ಟ ಮಗು ಮರುದಿನ ಮಾಡುವ ರಂಪ ನೋಡಿದರೆ ಆ ದುಡ್ಡು ಜಾಸ್ತಿ ಏನಲ್ಲ.

ಒಂದು ತೊಡಕಿದೆ. ರೈಲು ಉಡುಪಿ ಮುಟ್ಟುವಾಗ ಇನ್ನೂ ಕತ್ತಲು. ಚೆಕ್ ಇನ್ ಮಧ್ಯಾಹ್ನ. ಹಿಂದಿನ ರಾತ್ರಿಗೆ ಅರ್ಧ ಬಾಡಿಗೆ ಕೊಡುತ್ತೇವೆ, ಬೆಳಗಿನ ಜಾವಕ್ಕೇ ರೂಮು ಕೊಡಿ ಎಂದು ಬುಕ್ ಮಾಡುವಾಗಲೇ ಮಾತಾಡಿ, ಅದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಂಡಿದ್ದೆ. ಹೋಗಿ ಮಲಗಿದೆವು.

ಅಲ್ಲಿನ ದಿನಚರಿಯನ್ನು ತೀರ್ಮಾನಿಸಿದ್ದು ಬಿಸಿಲು. ನಮ್ಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ತೋಟದ ಬೆನ್ನಿಗೆ. ಹಾಗಾಗಿ ಬೆಳಿಗ್ಗೆ ತೆಂಗಿನ ಮರಗಳ ನೆರಳು ಉದ್ದಕ್ಕೆ ಮರಳಿನ ಮೇಲೇ ಬೀಳುತ್ತದೆ. ಏಳಕ್ಕೆ ಹೋದರೆ ಒಂಬತ್ತರವರೆಗೆ ಹಾಯಾಗಿರಬಹುದು. ಆಮೇಲೆ ಸ್ನಾನ, ತಿಂಡಿ, ಊಟ, ಪರದೆ ಎಳೆದು ನಿದ್ದೆ. ಮತ್ತೆ ನಾಲ್ಕೂವರೆಗೆ ದಡ, ಸೂರ್ಯ ಮುಳುಗುವ ತನಕ. ಎರಡು ಹೊತ್ತು ಸಮುದ್ರ, ನಡುವೆ ನಿದ್ದೆ. "ಇಷ್ಟು ದುಡ್ಡು ಕೊಟ್ಟು ಮಧ್ಯಾಹ್ನ ಮಲಗೋಕೆ ಬಂದ್ವಾ" ಎಂದು ಯಜಮಾನರು ಗೊಣಗಿದರು. ಗೊಣಗಿದವರೇ ಮೊದಲು ಗೊರಕೆ ಹೊಡೆದದ್ದು.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ಸಂಜೆ ಅಲೆ ಅಷ್ಟಾಗಿ ಒಡೆಯದ, ನೀರು ಸಪಾಟಾಗಿದ್ದ ಒಂದು ಜಾಗದ ಕಡೆ ಮಗಳನ್ನು ನಡೆಸಿಕೊಂಡು ಹೊರಟಿದ್ದೆ. ದೋಣಿಯ ಪಕ್ಕ ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯರೊಬ್ಬರು ತಲೆ ಎತ್ತಿದರು. "ಅಲ್ಲಿ ಬೇಡ ಅಕ್ಕ. ಅಲ್ಲಿ ನೀರು ಎಳೀತದೆ. ಆಚೆ ಅಲೆ ಒಡೀತಾ ಉಂಟಲ್ಲ, ಅಲ್ಲಿ ಆಡಿಸಿ." ನಮಗೆ ಅಲೆ ಕಂಡರೆ ಭಯ, ಸಪಾಟು ನೀರು ಕಂಡರೆ ಧೈರ್ಯ. ಇಲ್ಲಿ ಲೆಕ್ಕ ಉಲ್ಟಾ. ದಡಕ್ಕೆ ಬಂದ ನೀರು ಒಟ್ಟುಗೂಡಿ ವಾಪಸ್ ಹೋಗುವ ಹಾದಿ ಆಳವಾಗಿರುತ್ತದೆ. ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ. ಈಜು ಬರುವ ದೊಡ್ಡವರನ್ನೂ ಅದು ಒಳಗೆ ಎಳೆದುಕೊಳ್ಳುತ್ತದೆ. ಅಂದಿನಿಂದ ಪ್ರತಿದಿನ ಅವರನ್ನೋ, ಅಲ್ಲಿ ಕಂಡ ಇನ್ನೊಬ್ಬ ಮೀನುಗಾರರನ್ನೋ ಕೇಳಿಯೇ ಜಾಗ ಆರಿಸಿದೆ.

ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಯಲ್ಲಿ ಮೊಬೈಲ್ ಇಲ್ಲ. ದೊಡ್ಡವರು ಸಮುದ್ರದ ಕಡೆ, ಮಗು ದಡದ ಕಡೆ. ನೀರು ಮಗುವಿನ ಮೊಣಕಾಲಿಗೆ ಬಂದರೆ ಅದೇ ಗಡಿ. ಗಾಳಿ ತುಂಬಿದ ಟ್ಯೂಬು, ತೋಳಿಗೆ ಹಾಕುವ ಬಲೂನು ಸಮುದ್ರಕ್ಕೆ ಬೇಡವೇ ಬೇಡ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಟ್ಯೂಬು ಸದ್ದಿಲ್ಲದೆ ಒಳಗೆ ಸಾಗುತ್ತದೆ. ಉಬ್ಬರ, ಇಳಿತದ ಸಮಯವನ್ನೂ ಫೋನಿನಲ್ಲಿ ನೋಡಿಕೊಳ್ಳುತ್ತಿದ್ದೆ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತ ಸಂಜೆಗೆ ಬಿದ್ದ ದಿನ ಹಬ್ಬ. ಅಗಲಕ್ಕೆ ಒದ್ದೆ ಮರಳು, ಅದರ ತುಂಬ ಪುಟ್ಟ ಏಡಿಗಳು ಉರುಳಿಸಿಟ್ಟ ಸಾಸಿವೆಯಂಥ ಮರಳುಂಡೆ. ಮಗ ಒಂದೊಂದನ್ನೇ ಬೆರಳಿನಿಂದ ಒತ್ತಿ ಒಡೆಯುತ್ತಾ ಅರ್ಧ ಗಂಟೆ ಕೂತ. ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ದಿನ ಪಡುಬಿದ್ರಿಗೆ ಹೋದೆವು. 2020ರಲ್ಲಿ ಹೊನ್ನಾವರದ ಕಾಸರಕೋಡಿನ ಜೊತೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ದಡಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ದಡ ಅದು. ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ, ಜೀವರಕ್ಷಕರು ಎಲ್ಲ ಇದ್ದಾರೆ. ರೆಸಾರ್ಟ್ ಖರ್ಚು ಬೇಡ ಅನ್ನುವವರು ಹತ್ತಿರದ ಸಾದಾ ಲಾಡ್ಜ್‌ನಲ್ಲಿ ಉಳಿದು ಇಲ್ಲಿಗೆ ಬಂದರೂ ಮಕ್ಕಳಿಗೆ ಕಮ್ಮಿಯೇನಿಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲಿಲ್ಲ. ಕಂಬಕಂಬದಂಥ ಆ ಕಲ್ಲುಗಳು ನೋಡುವಂಥವೇ, ಆದರೆ ನಡೆಯಲು ಕಲಿಯುತ್ತಿರುವ ಮಗುವಿಗೆ ಅವು ಮಂಡಿ ಕೆರೆಯುವ ಕಲ್ಲು.

ಊಟದ ಬಗ್ಗೆ ಒಂದು ಮಾತು. ಅಲ್ಲಿ ಸುಮ್ನೆ ಅನ್ನ ಅಂದರೆ ಕುಚ್ಚಲಕ್ಕಿ ಅನ್ನ ಬಂದೀತು. ನಮ್ಮ ಮಗಳು ಆ ದಪ್ಪ ಅಗುಳನ್ನು ನೋಡಿ ತಟ್ಟೆ ತಳ್ಳಿದಳು. ನಮ್ಮ ಬಿಳಿ ಅನ್ನ ಬೇಕಿದ್ದರೆ ಬೆಳ್ತಿಗೆ ಅನ್ನ ಅಂತ ಕೇಳಿ ಪಡೆಯಬೇಕು. ತಟ್ಟೆ ತಳ್ಳಿದವಳೇ ನೀರುದೋಸೆ, ಬೆಲ್ಲ ಹಾಕಿದ ಕಾಯಿತುರಿ ಎಷ್ಟು ತಿಂದಳೆಂದರೆ ನಾನೇ ಸಾಕು ಅನ್ನಬೇಕಾಯಿತು. ಬಾಳೆಹಣ್ಣಿನ ಬನ್ಸ್ ಇಬ್ಬರಿಗೂ ಇಷ್ಟವಾಯಿತು. ಮಗನಿಗೆ ಅತ್ತೆ ರಾಗಿ ಸರಿ ಪುಡಿ ತಂದಿದ್ದರು. ಚಿಕ್ಕ ಕೆಟಲ್ ಇದ್ದದ್ದಕ್ಕೆ ಯಾರನ್ನೂ ಕಾಯಬೇಕಾಗಲಿಲ್ಲ.

ಸಾಮಾನ್ಯ ಡೈಪರ್ ಹಾಕಿ ನೀರಿಗೆ ಬಿಡಬೇಡಿ, ಉಬ್ಬಿ ಜೋತುಬೀಳುತ್ತದೆ. ಈಜಿನ ಡೈಪರ್ ಬೇರೆಯೇ ಸಿಗುತ್ತದೆ, ಬೆಂಗಳೂರಿನಲ್ಲೇ ಕೊಂಡುಕೊಳ್ಳಿ. ತುಂಬು ತೋಳಿನ ಈಜುಬಟ್ಟೆ ಇದ್ದರೆ ಸನ್‌ಸ್ಕ್ರೀನ್ ಹಚ್ಚುವ ಜಗಳ ಮುಖ, ಕತ್ತು, ಕಾಲಿಗಷ್ಟೇ ಉಳಿಯುತ್ತದೆ.

ವಾಪಸ್ ರೈಲು ರಾತ್ರಿ. ಚೆಕ್ ಔಟ್ ಬೆಳಿಗ್ಗೆ ಹನ್ನೊಂದಕ್ಕೆ. ಮಕ್ಕಳಿರುವವರು ಆ ಹೊತ್ತಿಗೆ ಬ್ಯಾಗು ಹಿಡಿದು ಬೀದಿಗೆ ಬೀಳಬಾರದು ಅಂತ ಸಂಜೆಯವರೆಗೆ ಒಂದು ಚಿಕ್ಕ ಕೋಣೆ ಬಿಟ್ಟುಕೊಡಲು ಮೊದಲೇ ಕೇಳಿದ್ದೆ. ಸ್ವಲ್ಪ ದುಡ್ಡಿಗೆ ಕೊಟ್ಟರು. ಹಾಗಾಗಿ ಕೊನೆಯ ದಿನವೂ ಸಂಜೆಯ ಆಟ ತಪ್ಪಲಿಲ್ಲ. ಸ್ನಾನ ಮಾಡಿಸಿ, ಊಟ ಮಾಡಿಸಿ, ನಿದ್ದೆಬಟ್ಟೆ ಹಾಕಿಯೇ ಇಬ್ಬರನ್ನೂ ಉಡುಪಿ ಸ್ಟೇಷನ್ನಿಗೆ ಕರೆದುಕೊಂಡು ಹೋದೆವು.